ಪಾಸಿಗೂ ಒಂದು ಗಡಿಯುಂಟು

ಕಳೆದ ಮಳೆಗಾಲದ ಒಂದು ಸಂಜೆ ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿನಿಯೊಬ್ಬಳು ತಂದೆಯೊಡನೆ ನಮ್ಮ ಮನೆಗೆ ಬಂದಳು. ಕಾಸರಗೋಡಿನಿಂದ ಮಂಗಳೂರಿನ ಕಾಲೇಜಿಗೆ ನಿತ್ಯವೂ ರೈಲಿನಲ್ಲಿ ಹೋಗಿಬರುವ ಹುಡುಗಿ. "ಪಾಸು ಇದ್ದೂ ದಂಡ ಕಟ್ಟಿದ್ದಾಳೆ ಮಾಸ್ಟ್ರೇ. ಇನ್ನು ಕಾಲೇಜು ಸಾಕು" ಎಂದರು ತಂದೆ. ಹುಡುಗಿ ತಲೆ ತಗ್ಗಿಸಿ ನಿಂತಿದ್ದಳು.

ವಿಚಾರಿಸಲಾಗಿ ಸಂಗತಿ ತಿಳಿಯಿತು. ಎಂದಿನ ಗಾಡಿ ತಪ್ಪಿದ್ದರಿಂದ ಆಕೆ ಹಿಂದೆಯೇ ಬಂದ ಸೂಪರ್‌ಫಾಸ್ಟ್ ಗಾಡಿಯ ರಿಸರ್ವೇಶನ್ ಡಬ್ಬಿಯನ್ನು ಏರಿದ್ದಳು. ಪಾಸು ಸುಳ್ಳಲ್ಲ, ಹುಡುಗಿಯೂ ಕಳ್ಳಿಯಲ್ಲ. ಪಾಸು ಎಲ್ಲಿ ಸಲ್ಲುತ್ತದೆಂಬುದನ್ನು ಆಕೆಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಗಡಿನಾಡಿನವರಾದ ನಮಗೆ ಈ ಗೊಂದಲ ಸಹಜವೇ. ಮಂಗಳೂರಿಗೆ ರೈಲುಮಾರ್ಗ ಬಂದದ್ದು 1907ರಲ್ಲಿ. ರಾಜ್ಯಗಳ ಗಡಿ ಮೂಡಿದ್ದು 1956ರಲ್ಲಿ. ಆದಕಾರಣ ರೈಲಿನ ಸೀಜನ್ ಟಿಕೇಟಿಗೆ ತಲಪಾಡಿಯ ಗಡಿ ಅಡ್ಡಿಯಾಗದು. ಬಸ್ಸಿನ ಪಾಸಿನ ದಾರಿ ಬೇರೆ. 2023ರ ಜೂನ್ 11ರಂದು ಆರಂಭವಾದ 'ಶಕ್ತಿ' ಯೋಜನೆಯ ಉಚಿತ ಪ್ರಯಾಣ ಕರ್ನಾಟಕದ ನಿವಾಸಿಗಳಾದ ಮಹಿಳೆಯರಿಗೆ ಮಾತ್ರ, ಅದೂ ಬಸ್ಸಿನಲ್ಲಿ ಮಾತ್ರ. ಅದನ್ನು ನಂಬಿ ರೈಲು ಹತ್ತುವಂತಿಲ್ಲ. ಬಸ್ಸಿನ ಪಾಸು ರೈಲಿಗೆ ಸಲ್ಲದು, ರೈಲಿನದು ಬಸ್ಸಿಗೆ ಸಲ್ಲದು.

ಇನ್ನು ರೈಲಿನೊಳಗಿನ ಗಡಿಗಳು. ಎರಡನೆಯ ದರ್ಜೆಯ ಸೀಜನ್ ಟಿಕೇಟು ಪ್ಯಾಸೆಂಜರ್ ಮತ್ತು ಎಕ್ಸ್‌ಪ್ರೆಸ್ ಗಾಡಿಗಳ ಸಾಮಾನ್ಯ ಡಬ್ಬಿಗಳಲ್ಲಿ ಸಲ್ಲುತ್ತದೆ. ಸೂಪರ್‌ಫಾಸ್ಟ್ ಗಾಡಿಗೆ ಪ್ರತ್ಯೇಕ ಪೂರಕ ಶುಲ್ಕ ತೆರಬೇಕು. ಗಾಡಿಯ ಸಂಖ್ಯೆ 12, 20 ಅಥವಾ 22ರಿಂದ ಆರಂಭವಾದರೆ ಅದು ಸೂಪರ್‌ಫಾಸ್ಟ್ ಎಂದು ಸಾಮಾನ್ಯವಾಗಿ ತಿಳಿಯಬಹುದು. ವಂದೇ ಭಾರತ್ ಗಾಡಿಗೆ ಈ ಟಿಕೇಟು ಸಲ್ಲುವುದೇ ಇಲ್ಲ. ಟಿಕೇಟಿನ ಮೇಲೆ ಗುರುತುಚೀಟಿಯ ಸಂಖ್ಯೆ ಇರಬೇಕು. ಆ ಗುರುತುಚೀಟಿಯೂ ಕೈಯಲ್ಲಿರಬೇಕು. ಅಣ್ಣನ ಪಾಸಿನಲ್ಲಿ ತಮ್ಮ ಹೋಗುವಂತಿಲ್ಲ. ತಪ್ಪಿದರೆ ಪ್ರಯಾಣದರದೊಂದಿಗೆ ಕನಿಷ್ಠ 250 ರೂಪಾಯಿಗಳ ಹೆಚ್ಚುವರಿ ಹಣ ತೆರಬೇಕಾಗುತ್ತದೆ.

ಇಷ್ಟನ್ನು ವಿವರಿಸಿದ ಬಳಿಕ ನಾವು ಆ ತಂದೆಗೆ ಇನ್ನೊಂದು ಮಾತು ಹೇಳಿದೆವು. ಮನೆಯಿಂದ ವಿದ್ಯಾಲಯಕ್ಕೆ ಹೋಗಿಬರಲು ಹೆಣ್ಣುಮಕ್ಕಳಿಗೆ ಪದವಿಯವರೆಗೂ, ಗಂಡುಮಕ್ಕಳಿಗೆ ಹನ್ನೆರಡನೆಯ ತರಗತಿಯವರೆಗೂ ಎರಡನೆಯ ದರ್ಜೆಯ ಮಾಸಿಕ ಸೀಜನ್ ಟಿಕೇಟನ್ನು ರೈಲ್ವೆಯು ಉಚಿತವಾಗಿ ನೀಡುತ್ತದೆ. ವಿದ್ಯಾಲಯದ ಪ್ರಮಾಣಪತ್ರ ಬೇಕು, ಅಷ್ಟೆ. ಅವರು ಅದುವರೆಗೆ ತಿಂಗಳು ತಿಂಗಳೂ ಹಣ ಕೊಟ್ಟು ಕೊಳ್ಳುತ್ತಿದ್ದರು! ಅವರಿಗೆ ತಿಳಿಯದೆ ಹೋದದ್ದು ದಂಡದ ನಿಯಮವೊಂದೇ ಅಲ್ಲ, ಹಕ್ಕಿನ ನಿಯಮವೂ ಹೌದು.

ಹುಡುಗಿ ಮತ್ತೆ ಕಾಲೇಜಿಗೆ ಹೋಗುತ್ತಿದ್ದಾಳೆ. ಮಕ್ಕಳಿಗೆ ಮಗ್ಗಿ ಕಲಿಸುವ ನಾವು ಟಿಕೇಟಿನ ಮೇಲಿನ ನಾಲ್ಕು ಸಾಲು ಓದುವುದನ್ನೂ ಕಲಿಸಬೇಕಾಗಿತ್ತೆಂದು ಅಂದಿನಿಂದ ನಮಗೆ ಅನಿಸುತ್ತಿದೆ. ಈ ವರ್ಷ ಏಳನೆಯ ತರಗತಿಯಲ್ಲಿ ಅದಕ್ಕಾಗಿ ಒಂದು ಗಂಟೆ ಮೀಸಲಿಟ್ಟಿದ್ದೇವೆ. ಓದುಗರು ತಮ್ಮ ಮನೆಯಲ್ಲಿಯೂ ಹತ್ತು ನಿಮಿಷ ಮೀಸಲಿಡಲೆಂದು ನಮ್ಮ ಕೋರಿಕೆ.