ಹಸಿ ಮಣ್ಣಿಗೆ ಬೆರಳು, ಸುಟ್ಟ ಗಡಿಗೆಗೆ ಕಿವಿ

ನಾನು ಬೆಳಗಾವಿಯಲ್ಲಿ ಸಿವಿಲ್ ಎಂಜಿನಿಯರಿಂಗ್ ಮೂರನೇ ವರ್ಷದಲ್ಲಿ ಓದುತ್ತಿದ್ದೇನೆ. ಕಳೆದ ಸೆಮಿಸ್ಟರ್‌ನ ಇಂಟರ್ನಲ್ಸ್‌ನಲ್ಲಿ ಮಣ್ಣಿನ ‘ಪ್ಲಾಸ್ಟಿಕ್ ಲಿಮಿಟ್’ ಎಂದರೇನು, ಅದನ್ನು ಕಂಡುಹಿಡಿಯುವುದು ಹೇಗೆ ಎಂಬ ಪ್ರಶ್ನೆ ಬಂದಿತ್ತು. ಹಿಂದಿನ ರಾತ್ರಿ ನೋಟ್ಸ್ ಉರು ಹೊಡೆದಿದ್ದ ನನಗೆ ಹತ್ತಕ್ಕೆ ಒಂಬತ್ತು ಅಂಕ. ಡಿಪ್ಲೊಮಾ ಮುಗಿಸಿ ಬಂದಿದ್ದ ಖಾನಾಪುರದ ಗೆಳೆಯನಿಗೆ ಮೂರು. ಇಂಗ್ಲಿಷಿನಲ್ಲಿ ವಾಕ್ಯ ಕಟ್ಟುವುದು ಅವನಿಗೆ ಕಷ್ಟ.

ಮುಂದಿನ ವಾರ ಲ್ಯಾಬ್. ಒದ್ದೆ ಮಣ್ಣನ್ನು ಗಾಜಿನ ಮೇಲೆ ಹೊಸೆದು 3 ಮಿ.ಮೀ. ದಪ್ಪದ ಎಳೆ ಮಾಡಬೇಕು. ಆ ದಪ್ಪಕ್ಕೆ ಬರುವಾಗ ಎಳೆ ಬಿರಿದು ಪುಡಿಯಾಗತೊಡಗಿದರೆ, ಆಗ ಮಣ್ಣಿನಲ್ಲಿರುವ ನೀರಿನ ಪ್ರಮಾಣವೇ ಪ್ಲಾಸ್ಟಿಕ್ ಲಿಮಿಟ್. ಇಷ್ಟನ್ನೂ ಚೆಂದಾಗಿ ಬರೆದವಳು ನಾನೇ. ಆದರೆ ನನ್ನ ಮಣ್ಣು ಒಮ್ಮೆ ಅಂಗೈಗೆ ಅಂಟಿತು, ಇನ್ನೊಮ್ಮೆ ಬೆರಳಿನಷ್ಟು ದಪ್ಪ ಇರುವಾಗಲೇ ಮುರಿಯಿತು. ಗೆಳೆಯ ಮಣ್ಣು ಮುಟ್ಟಿ ನೋಡಿ ಎರಡನೇ ಸಲಕ್ಕೇ ಎಳೆ ತೆಗೆದ. ‘ಎಲ್ಲಿ ಕಲ್ತಿ?’ ಎಂದು ಕೇಳಿದರೆ, ‘ನಮ್ಮ ಓಣಿಗೆ ಬಾ, ತೋರಸ್ತೀನಿ’ ಎಂದ.

ಒಂದು ಭಾನುವಾರ ಹೋದೆ. ಮಲಪ್ರಭಾ ನದಿ ದಂಡೆಯ ಖಾನಾಪುರ ಕುಂಬಾರಿಕೆಗೆ ಹೆಸರಾದ ಊರು. ಖಾದಿ ಮತ್ತು ಗ್ರಾಮೋದ್ಯೋಗ ಆಯೋಗದ ಕುಂಬಾರಿಕೆ ತರಬೇತಿ ಸಂಸ್ಥೆಯೂ ಅಲ್ಲಿದೆ. ಗೆಳೆಯನ ಓಣಿಯ ಅಜ್ಜ ಮಣ್ಣನ್ನು ಅಂಗೈಯಲ್ಲಿ ಹೊಸೆದು, ಬೆರಳಿಗೆ ಸುತ್ತಿ, ಬಿರುಕು ಬಿಡುತ್ತದೆಯೇ ಎಂದು ನೋಡಿದರು. ಸುಟ್ಟ ಗಡಿಗೆಯನ್ನು ಬೆರಳಿನಿಂದ ಬಾರಿಸಿ ಕಿವಿಗೊಟ್ಟರು. ‘ಹಸೀ ಮಣ್ಣಿಗೆ ಬೆರಳು, ಸುಟ್ಟ ಗಡಿಗಿಗೆ ಕಿವಿ. ಎರಡಕ್ಕೂ ಒಂದ ಪರೀಕ್ಷಾ ಮಾಡಿದ್ರ ಹೆಂಗ ಗೊತ್ತಾಗ್ತೈತಿ, ಯವ್ವಾ?’ ಎಂದರು.

ವಾಪಸ್ ಬರುವಾಗ ಬಸ್ಸಿನಲ್ಲಿ ಅದೇ ಮಾತು ಕೊರೆಯುತ್ತಿತ್ತು. ನಮ್ಮಲ್ಲಿ ನೆನಪು, ತಿಳಿವಳಿಕೆ, ಕೈಕೆಲಸ ಮೂರನ್ನೂ ಬಹುಪಾಲು ಒಂದೇ ಉತ್ತರ ಪತ್ರಿಕೆಯಲ್ಲಿ ಅಳೆಯುತ್ತೇವೆ. ಪ್ರಶ್ನೆಗಳ ಪಕ್ಕದಲ್ಲಿ ಎಲ್1, ಎಲ್2, ಎಲ್3 ಎಂದು ಅಚ್ಚಾಗಿರುತ್ತದೆ. ಇದು ಅಮೆರಿಕದ ಶಿಕ್ಷಣ ತಜ್ಞ ಬೆಂಜಮಿನ್ ಬ್ಲೂಮ್ ಮತ್ತು ಸಂಗಡಿಗರು 1956ರಲ್ಲಿ ಕೊಟ್ಟ, 2001ರಲ್ಲಿ ಪರಿಷ್ಕೃತಗೊಂಡ ಕಲಿಕೆಯ ಮೆಟ್ಟಿಲು: ನೆನಪಿಡುವುದು, ಅರ್ಥ ಮಾಡಿಕೊಳ್ಳುವುದು, ಅನ್ವಯಿಸುವುದು, ಹೀಗೆ ಆರು. ಆದರೆ ಉತ್ತರ ನೋಟ್ಸ್‌ನಲ್ಲಿ ಇದ್ದ ಹಾಗೇ ಇದ್ದರೆ ಪಕ್ಕದಲ್ಲಿ ಎಲ್3 ಎಂದಿದ್ದರೂ ಅಳೆಯುವುದು ನೆನಪನ್ನೇ. ಲ್ಯಾಬ್‌ಗೂ ಅಂಕವಿದೆ ನಿಜ. ನಮ್ಮಲ್ಲಿ ಅದು ಹೆಚ್ಚಾಗಿ ರೆಕಾರ್ಡ್ ಬುಕ್ಕಿನ ಅಂದ ನೋಡಿ ಬೀಳುತ್ತದೆ. ಅಲ್ಲೂ ನನಗೇ ಹೆಚ್ಚು ಬಂತು.

ಗೆಳೆಯ ಆ ವಿಷಯದಲ್ಲಿ ಫೇಲಾದ. ಕ್ಯಾಂಪಸ್‌ಗೆ ಬರುವ ಎಷ್ಟೋ ಕಂಪನಿಗಳು ಬ್ಯಾಕ್‌ಲಾಗ್ ಇದ್ದವರನ್ನು ಮೊದಲ ಸುತ್ತಿಗೂ ಕರೆಯುವುದಿಲ್ಲ. ಮಣ್ಣು ಬಲ್ಲವನು ಹೊರಗೆ, ಮಣ್ಣಿನ ಬಗ್ಗೆ ಬರೆದವಳು ಒಳಗೆ!

ಲಿಖಿತ ಪರೀಕ್ಷೆಯೇ ಬೇಡ ಎನ್ನುತ್ತಿಲ್ಲ. ಹೆಸರು ಕಾಣದ ಉತ್ತರ ಪತ್ರಿಕೆಗೆ ಮುಖ ನೋಡಿ ಅಂಕ ಕೊಡಲಾಗದು. ವೈವಾದಲ್ಲಿ ಆ ಭಯ ಇದ್ದೇ ಇದೆ. ಸೈಟಿನ ವರದಿ ಬರೆಯಲು ಗೆಳೆಯನೂ ಕಲಿಯಲೇಬೇಕು. ಆದರೆ ವಿಟಿಯುನ 2022ರ ಸ್ಕೀಮ್‌ನಲ್ಲಿ 100ರಲ್ಲಿ 50 ಅಂಕ ನಿರಂತರ ಮೌಲ್ಯಮಾಪನದ್ದು, ಅಂದರೆ ಕಾಲೇಜಿನ ಕೈಯಲ್ಲೇ ಇರುವಂಥದ್ದು. ವಾಟ್ಸ್‌ಆ್ಯಪ್‌ನಲ್ಲಿ ಹರಿದಾಡುವ ಅಸೈನ್‌ಮೆಂಟ್ ನಕಲು ಮಾಡಿಸುವ ಬದಲು ಅದನ್ನು ಹಂಚಬಹುದು. ನೆನಪಿಗೆ ಹತ್ತು ನಿಮಿಷದ ಕ್ವಿಜ್ ಸಾಕು. ವಿನ್ಯಾಸದ ಲೆಕ್ಕಕ್ಕೆ ಐಎಸ್ ಕೋಡ್ ತೆರೆದಿಟ್ಟು ಬರೆಯುವ ಪರೀಕ್ಷೆ ಇರಲಿ. ಕೈಕೆಲಸವನ್ನು ಮೊದಲೇ ತಿಳಿಸಿದ ಮಾನದಂಡಗಳಂತೆ ಎದುರಿಗೇ ನಿಂತು ನೋಡಲಿ. ಅರ್ಥವಾಗಿದೆಯೇ ಎಂದು ತಿಳಿಯಲು ಐದು ನಿಮಿಷದ ಮಾತು ಸಾಕು, ಅದು ಕನ್ನಡದಲ್ಲಾದರೂ ಆದೀತು. ಅರವತ್ತು ಜನರ ತರಗತಿಯಲ್ಲಿ ಮೇಷ್ಟ್ರಿಗೆ ಇದು ಸುಲಭವಲ್ಲ, ಬಲ್ಲೆ. ಪ್ರತಿ ವಿಷಯದಲ್ಲಿ ಒಂದು ಪಾಠಕ್ಕಾದರೂ ಶುರು ಮಾಡಬಹುದಲ್ಲ?

ಈಗ ಸಂಜೆ ಹೊತ್ತು ನಾನು ಅವನಿಗೆ ಉತ್ತರ ಬರೆಯುವುದನ್ನು ಹೇಳಿಕೊಡುತ್ತೇನೆ, ಅವನು ನನಗೆ ಮಣ್ಣು ಹೊಸೆಯುವುದನ್ನು. ಮೊನ್ನೆ ನನ್ನ ಎಳೆ ಸರಿಯಾಗಿ 3 ಮಿ.ಮೀ.ಗೆ ಬಂದು ಬಿರಿಯಿತು. ಅದಕ್ಕೆ ಅಂಕ ಕೊಡುವವರು ಯಾರೂ ಇರಲಿಲ್ಲ. ಆದರೂ ಪ್ಲಾಸ್ಟಿಕ್ ಲಿಮಿಟ್ ಎಂದರೇನು ಎಂದು ಈಗ ಯಾರಾದರೂ ಕೇಳಿದರೆ ನಾನು ನೋಟ್ಸ್ ನೆನಪಿಸಿಕೊಳ್ಳಬೇಕಿಲ್ಲ.