ತುಂಡಾದ ನರ ಮತ್ತೆ ಬೆಳೆಯುವುದೇ?

ಚರ್ಮ ಸೀಳಿದರೆ ಹತ್ತು ಹನ್ನೆರಡು ದಿನಗಳಲ್ಲಿ ಕೂಡಿಕೊಳ್ಳುತ್ತದೆ. ಕೈಯ ಮೂಳೆ ಮುರಿದರೆ ಸಾಮಾನ್ಯವಾಗಿ ಆರೆಂಟು ವಾರಗಳಲ್ಲಿ ಬೆಸೆಯುತ್ತದೆ. ನರ ತುಂಡಾದರೆ? ಮಿದುಳು ಮತ್ತು ಬೆನ್ನುಹುರಿಯಿಂದ ಹೊರಟು ಕೈಕಾಲುಗಳಿಗೆ ಚಲನೆಯನ್ನೂ ಸ್ಪರ್ಶಜ್ಞಾನವನ್ನೂ ಒದಗಿಸುವ ನರಗಳಿಗೆ ಪುನಃ ಬೆಳೆಯುವ ಶಕ್ತಿಯುಂಟು. ಆ ಶಕ್ತಿ ಎಷ್ಟು, ಅದರ ಮಿತಿ ಎಲ್ಲಿ ಎಂಬುದನ್ನು ವೈದ್ಯವಿಜ್ಞಾನ ಅರಿತದ್ದು ಬಹುಮಟ್ಟಿಗೆ ಪ್ರಾಣಿಗಳಿಂದ.

1850ರಲ್ಲಿ ಇಂಗ್ಲೆಂಡಿನ ವೈದ್ಯ ಅಗಸ್ಟಸ್ ವಾಲರ್ ಅವರು ಕಪ್ಪೆಯ ನಾಲಗೆಯ ನರಗಳನ್ನು ಕತ್ತರಿಸಿ, ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿದ ವಿವರಗಳನ್ನು ಪ್ರಕಟಿಸಿದರು. ಮೂಲದಿಂದ ಬೇರ್ಪಟ್ಟ ಭಾಗದ ಎಳೆಗಳು ಕೆಲವೇ ದಿನಗಳಲ್ಲಿ ಚೂರುಚೂರಾಗಿ ನಶಿಸುವುದನ್ನು ಅವರು ಕಂಡರು. ನಂತರದ ಸಂಶೋಧಕರು ಇನ್ನೊಂದು ಸಂಗತಿಯನ್ನು ತಿಳಿಸಿದರು: ಎಳೆ ನಶಿಸಿದರೂ ಅದರ ಹೊರಗವಚ ಉಳಿದಿದ್ದರೆ, ಒಳಗಿನ ಶ್ವಾನ್ ಜೀವಕೋಶಗಳು ಸಾಲುಗಟ್ಟಿ ನಿಂತು ಹೊಸ ಎಳೆಗೆ ದಾರಿ ತೋರುತ್ತವೆ. ಬೇರು ಉಳಿದ ಬಳ್ಳಿಯು ಹಂದರವನ್ನು ಹಿಡಿದು ಮತ್ತೆ ಹಬ್ಬುವಂತೆ ನರವೂ ಬೆಳೆಯುತ್ತದೆ.

ಇಂದು ಇಂತಹ ಅಧ್ಯಯನಕ್ಕೆ ಹೆಚ್ಚಾಗಿ ಬಳಕೆಯಾಗುವುದು ಇಲಿಯ ಹಿಂಗಾಲಿನ ಸಯಾಟಿಕ್ ನರ. ಗೃಧ್ರಸಿ ರೋಗದಲ್ಲಿ ಸೊಂಟದಿಂದ ಕಾಲಿಗೆ ನೋವು ಹರಿಯುವುದು ಇದೇ ನರದ ಹಾದಿಯಲ್ಲಿ. ಅರಿವಳಿಕೆ ನೀಡಿದ ಇಲಿಯಲ್ಲಿ ನರವನ್ನು ಇಕ್ಕುಳದಿಂದ ಅದುಮುತ್ತಾರೆ. ಅಥವಾ ಕತ್ತರಿಸಿ ಹೊಲಿಯುತ್ತಾರೆ. ಇಲ್ಲವೇ ಸ್ವಲ್ಪ ಭಾಗವನ್ನು ತೆಗೆದು, ಆ ಅಂತರದಲ್ಲಿ ಬೇರೆಡೆಯ ನರವನ್ನೋ ಕೃತಕ ನಾಳವನ್ನೋ ಕಸಿ ಮಾಡುತ್ತಾರೆ. ಬಳಿಕ ಪಾದಕ್ಕೆ ಶಾಯಿ ಹಚ್ಚಿ, ಕಾಗದದ ಮೇಲೆ ನಡೆಸಿ, ಹೆಜ್ಜೆಗುರುತನ್ನು ಅಳೆಯುತ್ತಾರೆ. ಅದುಮಿದ ನರದ ಇಲಿ ಕೆಲವೇ ವಾರಗಳಲ್ಲಿ ಹೆಚ್ಚುಕಡಿಮೆ ಮೊದಲಿನಂತೆ ನಡೆಯುತ್ತದೆ. ಕತ್ತರಿಸಿದ ನರವನ್ನು ಚೆನ್ನಾಗಿ ಹೊಲಿದರೂ ನಡಿಗೆ ಪೂರ್ಣವಾಗಿ ಸರಿಹೋಗುವುದಿಲ್ಲ. ಹಂದರ ಉಳಿದಿದೆಯೇ ಮುರಿದಿದೆಯೇ ಎಂಬುದರ ಮೇಲೆ ಎಲ್ಲವೂ ನಿಂತಿದೆ.

ಆದರೆ ಇಲಿಯ ಫಲವನ್ನು ಮನುಷ್ಯನಿಗೆ ನೇರವಾಗಿ ಅನ್ವಯಿಸಲಾಗದು. ಇಲಿಯ ಕಾಲಿನಲ್ಲಿ ಹೊಸ ಎಳೆ ಸಾಗಬೇಕಾದ ದೂರ ಕೆಲವೇ ಸೆಂಟಿಮೀಟರ್. ಅದರ ವೇಗ ದಿನಕ್ಕೆ ಸುಮಾರು 2ರಿಂದ 3 ಮಿಲಿಮೀಟರ್. ನಮ್ಮಲ್ಲಿ ಅದು ದಿನಕ್ಕೆ ಸುಮಾರು 1 ಮಿಲಿಮೀಟರ್. ತೋಳಿನ ಮೇಲ್ಭಾಗದಲ್ಲಿ ನರ ತುಂಡಾಗಿ, ಅಂಗೈಯವರೆಗೆ 50 ಸೆಂಟಿಮೀಟರ್ ಬೆಳೆಯಬೇಕಾದರೆ ಐದುನೂರು ದಿನಗಳು ಬೇಕು. ಸ್ನಾಯುಗಳಾದರೋ ಅಷ್ಟು ಕಾಲ ಕಾಯಲಾರವು. ನರದ ಸಂಪರ್ಕವಿಲ್ಲದೆ 12ರಿಂದ 18 ತಿಂಗಳು ಕಳೆದರೆ ಅವು ಬಡವಾಗಿ, ನರ ತಲುಪಿದರೂ ಮತ್ತೆ ಬಲಗೊಳ್ಳುವುದು ಬಹು ಕಷ್ಟ. ಆದುದರಿಂದ ಇಲಿಯಲ್ಲಿ ನರ ಬೆಳೆಸಿತೆಂಬ ಕಾರಣಕ್ಕೆ ಯಾವುದೇ ಔಷಧಿಯನ್ನು ಸಿದ್ಧೌಷಧಿಯೆಂದು ನಂಬಬಾರದು. ನಮ್ಮ ತೈಲ, ಗುಳಿಗೆ, ಕಷಾಯಗಳಿಗೂ ಈ ಮಾತು ಸಲ್ಲುತ್ತದೆ.

ಪ್ರಾಣಿಗಳನ್ನು ಹೀಗೆ ನೋಯಿಸುವುದು ಸರಿಯೇ ಎಂಬ ಪ್ರಶ್ನೆ ದಯೆಯುಳ್ಳವರಲ್ಲಿ ಏಳುವುದು ಸಹಜ. ಭಾರತದ 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯು ಪ್ರಯೋಗಗಳನ್ನು ಸಾಧ್ಯವಾದೆಡೆ ಕೈಬಿಡಬೇಕೆಂದೂ, ಶಸ್ತ್ರಕ್ರಿಯೆಯಲ್ಲಿ ನೋವರಿಯದಂತೆ ಅರಿವಳಿಕೆ ನೀಡಬೇಕೆಂದೂ ಆಶಿಸುತ್ತದೆ. ಆ ಜೀವಗಳಿಂದ ದೊರೆತ ಅರಿವನ್ನು ವ್ಯರ್ಥಗೊಳಿಸದಿರುವುದು ನಮ್ಮ ಕರ್ತವ್ಯ.

ಆ ಅರಿವಿನ ಸಾರವಿಷ್ಟು. ಕುಡುಗೋಲು, ಗಾಜು, ಯಂತ್ರಗಳಿಂದ ಗಾಯವಾದಾಗ ರಕ್ತ ನಿಂತಿತೆಂದು ಸುಮ್ಮನಾಗಬೇಡಿ. ಬೆರಳ ತುದಿ ಮರಗಟ್ಟಿದ್ದರೆ, ಬೆರಳನ್ನಾಗಲಿ ಮಣಿಕಟ್ಟನ್ನಾಗಲಿ ಎತ್ತಲಾಗದಿದ್ದರೆ, ನರಕ್ಕೆ ಪೆಟ್ಟಾಗಿರಬಹುದು. ಅಂದೇ ಶಸ್ತ್ರವೈದ್ಯರಿರುವ ಆಸ್ಪತ್ರೆಗೆ ಹೋಗಿರಿ. ಹಸಿಗಾಯಕ್ಕೆ ಎಣ್ಣೆ, ಸೊಪ್ಪಿನ ರಸ ಹಚ್ಚಬೇಡಿ. ತುಂಡಾದ ನರದ ತುದಿಗಳನ್ನು ಯಾವ ತೈಲವೂ ಜೋಡಿಸದು. ಅದು ಶಸ್ತ್ರವೈದ್ಯರ ಕೆಲಸ. ಗಾಯ ಪೂರ್ಣವಾಗಿ ಮಾಗಿದ ಮೇಲೆ ಅವರ ಒಪ್ಪಿಗೆ ಪಡೆದು ಮಾಡುವ ಮೃದುವಾದ ಅಭ್ಯಂಗವು ಚರ್ಮವನ್ನು ಮೃದುವಾಗಿಡಲು ನೆರವಾಗುತ್ತದೆ. ವೈದ್ಯರು ಹೇಳಿಕೊಟ್ಟಂತೆ ಪ್ರತಿದಿನ ಕೀಲುಗಳನ್ನು ಆಡಿಸುತ್ತಿದ್ದರೆ ಅವು ಬಿಗಿಯುವುದಿಲ್ಲ. ಮರಗಟ್ಟಿದ ಭಾಗಕ್ಕೆ ಮಾತ್ರ ಬಿಸಿ ಶಾಖ ಕೊಡಬೇಡಿ, ಸುಟ್ಟರೂ ತಿಳಿಯದು. ನರದ ಬೆಳವಣಿಗೆಯನ್ನು ನಾವು ಅವಸರಪಡಿಸಲಾರೆವು. ಚಿಕಿತ್ಸೆಯನ್ನು ತಡಮಾಡದಿರುವುದು ನಮ್ಮ ಕೈಯಲ್ಲೇ ಇದೆ.