ಕಿಡ್ನಿ ಪ್ರಿಂಟ್ ಆಗುವವರೆಗೆ ಕಾಯಬೇಕೇ?

“ಹಕೀಂ ಸಾಹೇಬ್ರೇ, ಈಗ ಕಿಡ್ನೀನೂ ಪ್ರಿಂಟ್ ಮಾಡ್ತಾರಂತೆ. ಮತ್ಯಾಕೆ ಮೈದುನನ ಹೊಟ್ಟೆ ಕುಯ್ಯಿಸಬೇಕು?” ಡಯಾಲಿಸಿಸ್ ಮಾಡಿಸಿಕೊಳ್ಳುತ್ತಿರುವ ರೋಗಿಯೊಬ್ಬರ ಪತ್ನಿ ಮೊಬೈಲ್‌ನಲ್ಲಿ ವೀಡಿಯೊ ತೋರಿಸಿ ಕೇಳಿದರು. ಕಿಡ್ನಿ ಕೊಡಲು ಮೈದುನ ಮನಸಾರೆ ಒಪ್ಪಿದ್ದರು. ವೀಡಿಯೊ ನೋಡಿದ ಮೇಲೆ ಮನೆಯವರು ಅವರ ಪರೀಕ್ಷೆಗಳನ್ನೇ ಮುಂದೂಡಿದ್ದರು. ನಾನು ಯುನಾನಿ ವೈದ್ಯ, ಶಸ್ತ್ರಚಿಕಿತ್ಸೆ ನನ್ನ ಕ್ಷೇತ್ರವಲ್ಲ. ಆದರೂ ಸುಮ್ಮನಿರಲಾಗಲಿಲ್ಲ.

ತ್ರೀಡಿ ಪ್ರಿಂಟಿಂಗ್ ಸುಳ್ಳಲ್ಲ. ಪ್ಲಾಸ್ಟಿಕ್ ಅಥವಾ ಲೋಹದ ಪುಡಿಯನ್ನು ತೆಳ್ಳಗೆ ಹರಡಿ, ಬೇಕಾದಲ್ಲಿ ಮಾತ್ರ ಲೇಸರ್‌ನಿಂದ ಬೆಸೆದು, ಅದರ ಮೇಲೆ ಇನ್ನೊಂದು ಪದರ ಹರಡುತ್ತಾ ವಸ್ತುವನ್ನು ಕಟ್ಟುವುದು ಇದರ ಒಂದು ಬಗೆ. ಅಳತೆ ಸಿಗುವುದು ರೋಗಿಯ ಸಿ.ಟಿ. ಸ್ಕ್ಯಾನ್‌ನಿಂದ. ರೆಡಿಮೇಡ್ ಅಂಗಿಗೂ ದರ್ಜಿ ಅಳತೆ ತೆಗೆದು ಹೊಲಿದ ಅಂಗಿಗೂ ಇರುವ ವ್ಯತ್ಯಾಸವೇ ಇಲ್ಲಿಯೂ ಇದೆ.

2012ರಲ್ಲಿ ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ನಡೆದದ್ದನ್ನು ನೋಡಿ. ಸುಮಾರು ಮೂರು ತಿಂಗಳ ಮಗು. ಶ್ವಾಸನಾಳದ ಒಂದು ಕವಲು ಮೆತ್ತಗಾಗಿ ಮತ್ತೆ ಮತ್ತೆ ಕುಸಿದು ಉಸಿರೇ ನಿಲ್ಲುತ್ತಿತ್ತು. ಡಾ. ಗ್ಲೆನ್ ಗ್ರೀನ್ ಮತ್ತು ಸ್ಕಾಟ್ ಹಾಲಿಸ್ಟರ್ ಮಗುವಿನ ಸ್ಕ್ಯಾನ್ ಇಟ್ಟುಕೊಂಡು, ಒಂದು ಬದಿ ತೆರೆದಿರುವ ಪುಟ್ಟ ಕೊಳವೆಯನ್ನು ಪ್ರಿಂಟ್ ಮಾಡಿದರು. ಸರ್ಕಾರದಿಂದ ತುರ್ತು ಅನುಮತಿ ಪಡೆದು, ಅದನ್ನು ಆ ಕವಲಿನ ಹೊರಗೆ ಸುತ್ತಿ ಹೊಲಿದರು. ಇಪ್ಪತ್ತೊಂದು ದಿನಗಳಲ್ಲಿ ಮಗು ವೆಂಟಿಲೇಟರ್‌ನಿಂದ ಹೊರಬಂತು. ನನಗೆ ಬಹಳ ಹಿಡಿಸಿದ್ದು ಮುಂದಿನ ಸಂಗತಿ. ಮಗು ಬೆಳೆದಂತೆ ನಾಳವೂ ಬೆಳೆಯಬೇಕಲ್ಲ? ಕೊಳವೆಯ ಒಂದು ಬದಿ ತೆರೆದಿಟ್ಟದ್ದು ಅದಕ್ಕೇ. ಅದನ್ನು ಮಾಡಿದ ಪಾಲಿಕ್ಯಾಪ್ರೊಲ್ಯಾಕ್ಟೋನ್ ಎಂಬ ವಸ್ತು ಸುಮಾರು ಮೂರು ವರ್ಷಗಳಲ್ಲಿ ದೇಹದಲ್ಲೇ ಕರಗಿಹೋಗುತ್ತದೆ. ಅಷ್ಟರಲ್ಲಿ ನಾಳ ಗಟ್ಟಿಯಾಗಿರುತ್ತದೆ. ತೆಗೆಯಲು ಮತ್ತೊಂದು ಆಪರೇಷನ್ ಬೇಡ.

ಬಾಯಿ ಕ್ಯಾನ್ಸರ್‌ನಿಂದ ದವಡೆಯ ಭಾಗ ತೆಗೆಯಬೇಕಾದಾಗಲೂ ಇದು ನೆರವಾಗುತ್ತದೆ. ರೋಗಿಯ ದವಡೆಯ ಮಾದರಿ ಪ್ರಿಂಟ್ ಮಾಡಿ, ಲೋಹದ ಪಟ್ಟಿಯನ್ನು ಮೊದಲೇ ಅದಕ್ಕೆ ಸರಿಯಾಗಿ ಬಗ್ಗಿಸಿಟ್ಟುಕೊಳ್ಳುತ್ತಾರೆ.

ಆದರೆ ಇವೆಲ್ಲ ಆಸರೆ, ಅಚ್ಚು, ಮಾದರಿಗಳು. ಕಿಡ್ನಿಯ ಮಾತೇ ಬೇರೆ. ಒಂದು ಕಿಡ್ನಿಯಲ್ಲಿ ಸುಮಾರು ಹತ್ತು ಲಕ್ಷ ಸೋಸುವ ಘಟಕಗಳಿವೆ, ಪ್ರತಿಯೊಂದಕ್ಕೂ ಕೂದಲಿಗಿಂತ ಸಪೂರದ ರಕ್ತನಾಳಗಳ ಗೊಂಚಲು. ಜೀವಕೋಶ ಬೆರೆಸಿದ ಜೆಲ್‌ನಿಂದ ಆಕಾರ ತರಬಹುದು, ಆದರೆ ಆ ನಾಳಗಳಲ್ಲಿ ರಕ್ತ ಹರಿಸಿ ಮೂತ್ರ ಸೋಸುವ ಕಿಡ್ನಿಯನ್ನು ಪ್ರಿಂಟ್ ಮಾಡಿ ಮನುಷ್ಯನಿಗೆ ಜೋಡಿಸಿದ್ದಿಲ್ಲ. 2011ರಲ್ಲಿ ವೇಕ್ ಫಾರೆಸ್ಟ್ ವಿಶ್ವವಿದ್ಯಾಲಯದ ಡಾ. ಆಂಥನಿ ಅಟಾಲಾ ವೇದಿಕೆಯ ಮೇಲೆ ತೋರಿಸಿದ್ದೂ ಕಿಡ್ನಿಯ ಆಕಾರವಷ್ಟೇ, ಕೆಲಸ ಮಾಡುವ ಕಿಡ್ನಿಯಲ್ಲ. ಪತ್ರಿಕೆಗಳು ಆಗಲೇ ತಪ್ಪಾಗಿ ಬರೆದಿದ್ದವು, ಮೊಬೈಲ್‌ಗಳು ಈಗಲೂ ಅದನ್ನೇ ಹಂಚುತ್ತಿವೆ.

ಇಷ್ಟನ್ನೂ ಆ ತಾಯಿಗೆ ಹೇಳಿ, “ಡಯಾಲಿಸಿಸ್ ಒಂದೂ ತಪ್ಪಿಸಬೇಡಿ. ಮೈದುನನನ್ನು ಕರೆದುಕೊಂಡು ಕಿಡ್ನಿ ತಜ್ಞರ ಬಳಿ ಹೋಗಿ, ಈ ವೀಡಿಯೊವನ್ನೂ ತೋರಿಸಿ ಕೇಳಿ” ಎಂದೆ. ಮುಂದಿನ ವಾರ ಮೈದುನ ರಕ್ತಪರೀಕ್ಷೆಗೆ ಹೋಗಿಬಂದರು.